ಕೆಂಪು ದಾರ ಕಟ್ಟಿದ ತಟ್ಟೆ

ಹುಳದ ಮನೆಯೊಳಗೆ ಡಬ್ಬಿಯ ಮುಚ್ಚಳ ತೆಗೆದ ಸದ್ದು ಕೇಳಿಸಿದಾಗ ಕೋಮಲಳಿಗೆ ಹೊಟ್ಟೆನೋವು ಒಂದು ಗಳಿಗೆ ಮರೆತೇ ಹೋಯಿತು. ಹಿತ್ತಿಲ ಜಗುಲಿಯಲ್ಲಿ ಗೋಣಿಚೀಲದ ಮೇಲೆ ಹಳೇ ಜಮಖಾನ ಹಾಸಿಕೊಂಡು, ಮಂಡಿಗಳನ್ನು ಎದೆಗೆ ಅವುಚಿಕೊಂಡು ಮಲಗಿದ್ದವಳು ತಲೆ ಎತ್ತಿ ಗೋಡೆಗೆ ಕಿವಿ ಕೊಟ್ಟಳು. ಗೋಡೆಯ ಆಚೆ ಅತ್ತೆ ಕೆಂಪಾಜಮ್ಮ ಏನನ್ನೋ ಗೊಣಗುತ್ತ ತಡಕಾಡುತ್ತಿದ್ದಳು. ಅದು ರೇಷ್ಮೆ ಹುಳಕ್ಕೆ ಹಾಕುವ ವಿಟಮಿನ್ ಪುಡಿಯ ಡಬ್ಬಿ. ಅದರೊಳಗೆ, ಪುಡಿಯ ಪ್ಯಾಕೆಟ್ಟಿನ ಅಡಿಯಲ್ಲಿ, ಕೋಮಲಳ ಮಾತ್ರೆಗಳಿದ್ದವು.

ಆ ಬೀದಿಯಲ್ಲಿ ಹುಳ ಸಾಕುವ ಮನೆಗಳಿಗೆಲ್ಲ ಒಂದೇ ಕಟ್ಟಳೆ. ಹೊರಗಾದ ಹೆಂಗಸು ಹುಳದ ಮನೆಯ ಹೊಸಿಲು ದಾಟುವಂತಿಲ್ಲ, ಸೊಪ್ಪು ಮುಟ್ಟುವಂತಿಲ್ಲ, ಅವಳ ನೆರಳು ಕೂಡ ತಟ್ಟೆಗಳ ಮೇಲೆ ಬೀಳಬಾರದು. ಬಿದ್ದರೆ ಹುಳಕ್ಕೆ ಹಾಲುರೋಗ ತಗುಲಿ, ಮೈ ಒಡೆದು ಸಾಯುತ್ತವೆ ಎಂದು ಹಿಂದಿನಿಂದ ಬಂದ ನಂಬಿಕೆ. ಕೋಮಲ ಪಿಯುಸಿವರೆಗೆ ಓದಿದವಳು. ಅದನ್ನು ನಂಬುತ್ತಿದ್ದಳೋ ಇಲ್ಲವೋ ಅವಳಿಗೇ ಸರಿಯಾಗಿ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಆ ಕಟ್ಟಳೆಯ ಮೇಲೆ ಅವಳಿಗೆ ಸಿಟ್ಟೂ ಇರಲಿಲ್ಲ. ಒದ್ದೆ ಬಟ್ಟೆ ಹಿಂಡಿದ ಹಾಗೆ ಕಿಬ್ಬೊಟ್ಟೆ ಹಿಂಡುವಾಗ, ಸೊಪ್ಪಿನ ಹೊರೆ ಹೊರದೆ ಬಿದ್ದುಕೊಂಡಿರಲು ಸಿಗುತ್ತಿದ್ದದ್ದು ಆ ಕಟ್ಟಳೆಯ ಪುಣ್ಯದಿಂದಲೇ.

ಸಿಟ್ಟು ಬಂದದ್ದು ಇವತ್ತು. ಕಳೆದ ಎರಡು ತಿಂಗಳೂ ದಿನ ಹತ್ತಿರವಾದಾಗ ಅವಳು ನಾಲ್ಕು ಮಾತ್ರೆ ಮುಂಚೆಯೇ ತೆಗೆದು ಸೆರಗಿನಲ್ಲಿ ಗಂಟು ಹಾಕಿಕೊಳ್ಳುತ್ತಿದ್ದಳು. ಮುಟ್ಟಿನ ದಿನಗಳಲ್ಲೂ ನಿಲ್ಲಿಸಬೇಡ ಎಂದು ಡಾಕ್ಟರು ಹೇಳಿದ್ದರು. ಈ ಸಲ ಮುಟ್ಟು ಎಂದಿಗಿಂತ ಮೊದಲೇ ಬಂತು. ಬೆಳಿಗ್ಗೆ ಅಂಗಳ ಗುಡಿಸುವಾಗ ಗೊತ್ತಾಗಿ, ಪೊರಕೆ ಬಿಟ್ಟು ನೇರ ಹಿತ್ತಿಲಿಗೆ ಬಂದಿದ್ದಳು. ಮಾತ್ರೆ ಒಳಗೆ, ಅವಳು ಹೊರಗೆ. ಹುಳಗಳೋ ನಾಲ್ಕನೇ ಜ್ವರದಿಂದ, ಅಂದರೆ ಕೊನೆಯ ಸಲ ಪೊರೆ ಕಳಚುವ ನಿದ್ದೆಯಿಂದ, ಎದ್ದು ಹೊಟ್ಟೆತುಂಬ ಮೇಯುವ ಹೊತ್ತು; ವಿಟಮಿನ್ ಪುಡಿ ಹಾಕುವುದೂ ಆಗಲೇ. ಅತ್ತೆ ಇವತ್ತಲ್ಲ ನಾಳೆ ಆ ಡಬ್ಬಿಗೆ ಕೈ ಹಾಕಿಯೇ ಹಾಕುತ್ತಾಳೆ ಎಂಬುದು ಅವಳಿಗೆ ತಿಳಿದೇ ಇತ್ತು.

ಕೆಂಪಾಜಮ್ಮ ಹಿತ್ತಿಲ ಬಾಗಿಲಲ್ಲಿ ಬಂದು ನಿಂತಳು. ಕೈಯಲ್ಲಿ ಮಾತ್ರೆಯ ಎರಡು ಹಾಳೆ, ಸತ್ತ ಹಲ್ಲಿಯನ್ನು ಬಾಲ ಹಿಡಿದು ತಂದವಳ ಹಾಗೆ ಬೆರಳ ತುದಿಯಲ್ಲಿ.

"ಏನಮ್ಮಿ ಇದು?"

"ಮಾತ್ರೆ ಅತ್ತೆ."

"ಮಾತ್ರೆ ಅಂತ ನಂಗೂ ಕಣ್ ಕಾಣ್ತದೆ. ಯಾತ್ರದ್ ಮಾತ್ರೆ? ಉಳದ್ ಡಬ್ಬಿಲಿ ಯಾಕ್ ಬಚ್ಚಿಟ್ಟಿದ್ದೀಯೆ?"

ಕೋಮಲ ಗೋಡೆ ಹಿಡಿದು ಎದ್ದು ಕೂತಳು. "ಒಟ್ಟೆನೋವಿಗೆ. ವಿಟಮಿನ್ ಮಾತ್ರೆ ಅತ್ತೆ. ನನ್ ರಕ್ತ ಟೆಸ್ಟ್ ಮಾಡಿ, ಮೈಲಿ ವಿಟಮಿನ್ ಕಮ್ಮಿ ಅದೆ, ಅದ್ಕೂ ನೋವು ಇಷ್ಟ್ ಜಾಸ್ತಿ ಆಗಿರ್ಬೋದು ಅಂದ್ರು ಡಾಕ್ಟ್ರಮ್ಮ."

"ಅದ್ಕೇಯ!" ಕೆಂಪಾಜಮ್ಮನ ದನಿ ಏರಿತು. "ಎರಡು ತಿಂಗ್ಳಿಂದ ನೋಡ್ತಾವ್ನಿ. ಮೊದ್ಲಂಗೆ ವಾಂತಿ ಇಲ್ಲ, ಒದ್ದಾಟ ಇಲ್ಲ. ಒಂದ್ ಮೊಗ ಆಗ್ದೆ ನೋವು ಅದೆಂಗ್ ಕಮ್ಮಿ ಆದಾತು ಅಂತ ನಾನೇ ಯೋಚ್ನೆ ಮಾಡ್ತಿದ್ದೆ. ಇದಾ ಸಂಗ್ತಿ?"

ಅವಳ ಲೆಕ್ಕಾಚಾರ ಬುಡವಿಲ್ಲದ್ದೇನೂ ಆಗಿರಲಿಲ್ಲ. ಪಕ್ಕದ ಮನೆಯ ರಾಚಮ್ಮನ ಸೊಸೆಗೂ ಹೀಗೆಯೇ ಹೊಟ್ಟೆನೋವು ಬರುತ್ತಿತ್ತು. ಆ ಹುಡುಗಿ ಅದೇನೋ ಮಾತ್ರೆ ನುಂಗತೊಡಗಿದಳು, ನೋವು ಇಳಿಯಿತು. ಯಾತರದ್ದು ಎಂದು ಕೇಳಿದರೆ ಶಕ್ತಿ ಮಾತ್ರೆ ಎಂದಳು. ವರ್ಷ ಎರಡಾದ ಮೇಲೆ ಅದು ಮಕ್ಕಳಾಗದ ಹಾಗೆ ತಡೆಯುವ ಮಾತ್ರೆ ಎಂದು ಬಯಲಾಗಿ ಆ ಮನೆಯಲ್ಲಿ ದೊಡ್ಡ ರಂಪವೇ ನಡೆಯಿತು. ಮಾತ್ರೆ ಬಿಡಿಸಿದ ಮೇಲೆ ಈಗ ಅವಳಿಗೆ ಆರು ತಿಂಗಳು. ಕೋಮಲ ಈ ಮನೆಗೆ ಬಂದು ನಾಲ್ಕು ವರ್ಷವಾಗಿತ್ತು. ಕೆಂಪಾಜಮ್ಮನಿಗೆ ಇನ್ನೇನು ಬೇಕು, ಬಿಟ್ಟ ಕೊಂಡಿಗಳೆಲ್ಲ ತಾವೇ ಬಂದು ಸೇರಿಕೊಂಡವು.

"ಲೇ ಪ್ರಭು, ಬಾರ್ಲಾ ಇಲ್ಲಿ!"

ಪ್ರಭುಸ್ವಾಮಿ ಸೊಪ್ಪು ಕತ್ತರಿಸುತ್ತಿದ್ದ ಕುಡುಗೋಲನ್ನು ಕೈಯಲ್ಲೇ ಹಿಡಿದು ಬಂದ. ತಾಯಿಯ ಕೈಲಿದ್ದ ಮಾತ್ರೆಯನ್ನು ನೋಡಿದ. ತಾಯಿಯ ಮುಖ ನೋಡಿದ. ಹೆಂಡತಿಯ ಕಡೆ ಮಾತ್ರ ನೋಡಲಿಲ್ಲ.

"ನಿನ್ ಎಂಡ್ತಿ ಮಾತ್ರೆ ತಿಂತಿರೋದು ನಿಂಗ್ ಗೊತ್ತಿತ್ತೇನ್ಲಾ?"

"ನಂಗೇನ್ ಗೊತ್ತವ್ವ," ಎಂದ ಪ್ರಭುಸ್ವಾಮಿ.

ಕೋಮಲಳಿಗೆ ಹೊಟ್ಟೆಯೊಳಗಿನ ನೋವೇ ಎದ್ದು ಎದೆಗೆ ಬಂದು ಕೂತಂತಾಯಿತು. ಗೊತ್ತಿಲ್ಲವಂತೆ! ಕೊಳ್ಳೇಗಾಲದ ಆಸ್ಪತ್ರೆಗೆ ಬೈಕಿನಲ್ಲಿ ಕರೆದುಕೊಂಡು ಹೋದವನೇ ಅವನು. ಗೂಡಿನ ಮಾರುಕಟ್ಟೆಗೆ ಹೋಗಿಬರುತ್ತೇವೆ ಎಂದು ಅವ್ವನಿಗೆ ಹೇಳಿ ಹೊರಟಿದ್ದರು. ಕೋಮಲ ಒಳಗೆ ಡಾಕ್ಟರಮ್ಮನ ಮುಂದೆ ಕೂತಿದ್ದಾಗ ಅವನು ಎದುರಿನ ಟೀ ಅಂಗಡಿಯಲ್ಲಿ ಮೊಬೈಲು ನೋಡುತ್ತಿದ್ದ. ಡಾಕ್ಟರಮ್ಮ ಮಾತ್ರೆ ಬರೆದುಕೊಟ್ಟರು. ದಿನಾ ಒಂದು ತಗೊ, ಒಂದೇ ಸಲಕ್ಕೆ ಮಾಯವಾಗಲ್ಲ, ಮೂರು ತಿಂಗಳು ನೋಡೋಣ, ಕಡಿಮೆ ಆಗದಿದ್ದರೆ ಸ್ಕ್ಯಾನ್ ಮಾಡಿಸೋಣ ಎಂದರು. ಆಮೇಲೆ ಚಷ್ಮಾ ತೆಗೆದು, "ಮದುವೆಯಾಗಿ ನಾಲ್ಕು ವರ್ಷ ಅಂತೀಯ. ನಿನಗೊಬ್ಬಳಿಗೇ ಪರೀಕ್ಷೆ ಮಾಡಿದರೆ ಆಗಲ್ಲಮ್ಮ. ಮುಂದಿನ ಸಲ ಯಜಮಾನರನ್ನೂ ಒಳಗೆ ಕರಕೊಂಡು ಬಾ, ಅವರಿಗೂ ಒಂದು ಟೆಸ್ಟ್ ಇದೆ," ಎಂದರು.

ಹೊರಗೆ ಬಂದು ಅದನ್ನು ಗಂಡನಿಗೆ ಹೇಳಿದಾಗ ಅವನು ಮೊದಲು ನಕ್ಕ. "ನಂಗೇನಾಗದೆ? ಗುಂಡ್ಕಲ್ಲಿದ್ದಂಗಿವ್ನಿ," ಎಂದ. ಆಮೇಲೆ ತಮ್ಮ ಊರು ಮುಳ್ಳೂರು ಬರುವ ತನಕ ಬೈಕನ್ನು ಜೋರಾಗಿ ಓಡಿಸಿದ. ಊರ ಬಾಗಿಲಲ್ಲಿ ಬೈಕು ನಿಲ್ಲಿಸಿ, ಆಸ್ಪತ್ರೆಯ ಸುದ್ದಿ ಅವ್ವನಿಗೆ ಹೇಳಬೇಡ, ಮಾತ್ರೆಯನ್ನು ಹುಳದ ಡಬ್ಬಿಯಲ್ಲಿ ಇಟ್ಟುಕೊ, ಅಲ್ಲಾದರೆ ಯಾರಿಗೂ ಕಾಣುವುದಿಲ್ಲ ಎಂದವನೂ ಅವನೇ. ಮಾತ್ರೆ ಮುಗಿದಾಗಲೆಲ್ಲ ತಂದುಕೊಟ್ಟವನೂ ಅವನೇ.

ಈಗ ಕುಡುಗೋಲಿನ ತುದಿಯಿಂದ ಹೆಬ್ಬೆರಳ ಉಗುರಿನ ಮಣ್ಣು ಕೆರೆಯುತ್ತ ನಿಂತಿದ್ದಾನೆ.

"ರಾಮಾಪುರಕ್ಕೆ ಫೋನ್ ಮಾಡ್ಲಾ," ಎಂದಳು ಕೆಂಪಾಜಮ್ಮ. ರಾಮಾಪುರ ಕೋಮಲಳ ತವರು. "ಅವ್ರಣ್ಣ ಬಂದ್ ಕರ್ಕೊಂಡ್ ಓಗ್ಲಿ. ನನ್ ಮನೆ ಬೆಳಗ್ಬೇಕು ಅಂತ ತಂದ್ಕಂಡ್ರೆ ಇವ್ಳು ದೀಪಕ್ಕೇ ನೀರ್ ಉಯ್ತಾವ್ಳೆ."

"ಅತ್ತೆ, ದೇವ್ರಾಣೆ ಅಂಥದ್ದಲ್ಲ ಇದು," ಎಂದಳು ಕೋಮಲ. ಗಂಡನ ಮುಖ ನೋಡಿ ಉಪಯೋಗವಿಲ್ಲ ಎಂದು ಗೊತ್ತಾಗಿ, ಕೈಗೆ ಸಿಕ್ಕ ಮಾತನ್ನು ಹಿಡಿದುಕೊಂಡಳು. "ಉಳಕ್ಕೆ ಆಕ್ತೀವಲ್ಲ ವಿಟಮಿನ್ನು, ಸೊಪ್ಪಿನ್ ಮೇಲೆ ಚುಮುಕಿಸ್ತೀವಲ್ಲ, ಅದೇಯ ಇದು. ಉಳಕ್ಕೆ ಅದು, ಮನುಸ್ರಿಗೆ ಇದು. ಅಷ್ಟೇಯ."

ಕೆಂಪಾಜಮ್ಮ ಮಾತ್ರೆಯ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದಳು. ಓದು ಬಾರದವಳಿಗೆ ಹಾಳೆಯ ಹಿಂಬದಿಯ ಅಕ್ಷರಗಳಿಂದ ಆಗಬೇಕಾದ್ದೇನೂ ಇರಲಿಲ್ಲ. ಓದು ಬಂದವರನ್ನು ಕೇಳೋಣವೆಂದರೆ ರಾಚಮ್ಮನ ಮನೆಯಲ್ಲಿ ಓದು ಬಂದವಳೇ ಸುಳ್ಳು ಹೇಳಿದ್ದಳು. ಆದರೆ ನಲವತ್ತು ವರ್ಷದಿಂದ ಹುಳ ಮೇಯಿಸಿದ ಕೈ ಅವಳದು. ಹುಳದ ಮೈಬಣ್ಣ ನೋಡಿ ಸೊಪ್ಪಿನ ಗುಣ ಹೇಳುತ್ತಿದ್ದಳು, ಯಾವ ತೋಟದ್ದು ಎಂದು ಕೂಡ.

"ಅದೇಯಾ?" ಎಂದಳು. "ಅಂಗಾರೆ ಉಳಕ್ಕೇ ಆಕಿ ನೋಡ್ಬುಡನ. ಒಂದ್ ತಟ್ಟೆಗೆ ಇದ್ನೇ ಆಕ್ತೀನಿ. ಒಳ್ಳೇದಾದ್ರೆ ಉಳ ಬಲ್ತು ಅಣ್ಣಾಗಿ ಗೂಡ್ ಕಟ್ತಾವೆ. ವಂಶ ತಡಿಯೋ ಮಾತ್ರೆ ಆದ್ರೆ ಗೂಡ್ ಕಟ್ದೆ ಅಂಗೇ ಬಿದ್ಕತಾವೆ. ಉಳಕ್ಕೇನ್ ಸುಳ್ಳೇಳಕ್ ಬಂದಾದಾ?"

"ಅವ್ವ, ಉಳಕ್ಕೆ ಯಾಕೆ..." ಎಂದ ಪ್ರಭುಸ್ವಾಮಿ.

"ನಿಂಗೇನೂ ಗೊತ್ತಿಲ್ವಲ್ಲ, ಸುಮ್ಕಿರು," ಎಂದು ಅವಳು ಒಳಗೆ ಹೋದಳು.

ಅಂದೇ ಕೆಳಗಿನ ಸಾಲಿನ ಒಂದು ತಟ್ಟೆ ಬೇರೆಯಾಯಿತು. ಬೇರೆ ತಟ್ಟೆಗಳ ಜೊತೆ ಕಲೆಯದಿರಲೆಂದು ಕೆಂಪಾಜಮ್ಮ ಅದರ ಅಂಚಿಗೆ ಕೆಂಪು ದಾರ ಕಟ್ಟಿದಳು. ಎಲೆಯಡಿಕೆಗೆಂದು ಇಟ್ಟುಕೊಂಡಿದ್ದ ಕುಟ್ಟಾಣಿಯಲ್ಲಿ ಮಾತ್ರೆ ಕುಟ್ಟಲು ಹೋದವಳು ಹೊಗೆಸೊಪ್ಪಿನ ವಾಸನೆ ಹುಳಕ್ಕೆ ವಿಷವೆಂದು ನೆನಪಾಗಿ, ತೊಳೆದ ಗುಂಡುಕಲ್ಲಿನಲ್ಲಿ ಅರೆದಳು. ಅದನ್ನು ನೀರಿಗೆ ಕಲಸಿ ಸೊಪ್ಪಿಗೆ ಚುಮುಕಿಸಿ, ನೆರಳಲ್ಲಿ ಆರಿಸಿ ಹಾಕಿದಳು. ಹುಳದ ವಿಷಯದಲ್ಲಿ ಅವಳು ಯಾರಿಗೂ ಮೋಸ ಮಾಡುವವಳಲ್ಲ. ಪರೀಕ್ಷೆಯನ್ನೂ ನ್ಯಾಯವಾಗಿಯೇ ನಡೆಸಿದಳು.

ಜಗುಲಿಯ ಮೇಲೆ ಮಲಗಿದ್ದ ಕೋಮಲಳಿಗೆ ಅದೆಲ್ಲ ಕೇಳಿಸುತ್ತಿತ್ತು. ಗುಂಡುಕಲ್ಲಿನ ಗರಗರ, ಸೊಪ್ಪು ಉದುರಿಸುವ ಸರಸರ, ಆಮೇಲೆ ಹುಳ ಮೇಯುವ ಸದ್ದು. ಬಾಯಿ ತಪ್ಪಿ ಆಡಿದ ಒಂದು ಮಾತು ತನ್ನನ್ನು ಎಲ್ಲಿಗೆ ತಂದು ನಿಲ್ಲಿಸಿತು ಎಂಬುದು ಅವಳಿಗೆ ಈಗ ಹೊಳೆಯಿತು. ರೇಷ್ಮೆ ಹುಳ ಎಂಥ ನಾಜೂಕಿನ ಜೀವ ಎಂದು ಅವಳಿಗೆ ಗೊತ್ತಿತ್ತು. ಅಡಿಗೆ ಮನೆಯಲ್ಲಿ ಮೆಣಸಿನಕಾಯಿ ಹುರಿದರೆ ಸಾಯುತ್ತವೆ. ಸೊಳ್ಳೆಬತ್ತಿ ಹಚ್ಚಿದರೆ ಸಾಯುತ್ತವೆ. ಮುಖಕ್ಕೆ ಪೌಡರ್ ಹಾಕಿಕೊಂಡು ಒಳಗೆ ಹೋದ ನೆಂಟರ ಹುಡುಗಿಯಿಂದ ಹೋದ ವರ್ಷ ಎರಡು ತಟ್ಟೆ ಹೋಗಿದ್ದವು. ಐವತ್ತು ಕೇಜಿ ತೂಗುವ ಹೆಂಗಸಿಗೆ ದಿನಕ್ಕೊಂದು ಎಂದು ಕೊಟ್ಟ ಮಾತ್ರೆಯನ್ನು ಬೆರಳುದ್ದದ ಹುಳ ತಾಳಿಕೊಳ್ಳುತ್ತದೆಯೇ? ಮಾತ್ರೆ ಒಳ್ಳೆಯದೇ ಆಗಿದ್ದರೂ ಹುಳ ಸಾಯಬಹುದು. ಸತ್ತರೆ ಸಾಕ್ಷಿ ಅವಳ ವಿರುದ್ಧವೇ.

"ಅತ್ತೆ, ಪುಡಿ ಒಸಿ ಕಮ್ಮಿ ಆಕಿ," ಎಂದು ಗೋಡೆಗೆ ಬಾಯಿ ಇಟ್ಟು ಕೂಗಿದಳು.

"ಯಾಕೆ? ನೀನ್ ತಿನ್ನುವಾಗ ಕಮ್ಮಿ ತಿಂತಿದ್ದಾ?" ಎಂದು ಉತ್ತರ ಬಂತು.

ಆ ತಿಂಗಳ ನೋವನ್ನು ಅವಳು ಎಂದೂ ಮರೆಯಲಾರಳು. ಮಾತ್ರೆ ನಿಂತದ್ದಕ್ಕೋ, ಮನಸ್ಸಿನ ಕಳವಳಕ್ಕೋ, ಎರಡು ತಿಂಗಳು ಅಡಗಿದ್ದ ಶತ್ರು ಸಾಲ ತೀರಿಸಿಕೊಳ್ಳಲು ಬಂದಂತಿತ್ತು. ಸೊಂಟದಿಂದ ತೊಡೆಯವರೆಗೆ ನರಗಳನ್ನು ಎಳೆದು ಗಂಟು ಹಾಕಿದ ಹಾಗೆ. ಕುಡಿದ ನೀರೂ ನಿಲ್ಲಲಿಲ್ಲ. ಕೆಂಪಾಜಮ್ಮ ಜೀರಿಗೆ ಕಷಾಯ ಕಾಯಿಸಿ, ಲೋಟವನ್ನು ದೂರದಿಂದಲೇ ಜಗುಲಿಯ ಅಂಚಿಗೆ ಇಟ್ಟು ಹೋದಳು. ಬಿಸಿಯಾದ ಇಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿ, "ಒಟ್ಟೆ ಮ್ಯಾಲೆ ಮಡಿಕೊ," ಎಂದು ಕೊಟ್ಟಳು. ಅತ್ತೆ ಕೆಟ್ಟವಳಾಗಿದ್ದರೆ ಎಷ್ಟೋ ಸುಲಭವಿತ್ತು, ಬೈದುಕೊಂಡಾದರೂ ಮಲಗಬಹುದಿತ್ತು. ನರಳುವ ಸೊಸೆಗೆ ಇಟ್ಟಿಗೆ ಕಾಯಿಸಿ ಕೊಡುವ ಕೈಯೇ ಒಳಗೆ ಹೋಗಿ ಅವಳ ಮಾತ್ರೆ ಅರೆಯುತ್ತಿತ್ತು.

ಮಾರನೆಯ ದಿನ ಪ್ರಭುಸ್ವಾಮಿ ಮುದ್ದೆ ಸಾರಿನ ತಟ್ಟೆ ತಂದಿಟ್ಟು ಅಲ್ಲೇ ನಿಂತ.

"ಡಬ್ಬಿ ತೋರ್ಸ್ಕೊಟ್ಟೋರೇ ನೀವು," ಎಂದಳು ಕೋಮಲ. ಅವನ ಕಡೆ ತಿರುಗಲಿಲ್ಲ.

"ಮೆಲ್ಲುಕ್ ಮಾತಾಡು."

"ಗೊತ್ತಿಲ್ಲ ಅಂದ್ಬುಟ್ರಲ್ಲ. ಅದೆಂಗ್ ಬಾಯ್ ಬಂತು ನಿಮ್ಗೆ?"

"ಗೊತ್ತು ಅಂದ್ರೆ ಅವ್ವ ಎಲ್ಲಾನೂವೆ ಕೆದುಕ್ತಾಳೆ ಕನೆ. ಡಾಕ್ಟ್ರು ಏನಂದ್ರು, ಯಾಕ್ ಓಗಿದ್ರಿ, ಯಾರ್ಗ್ ಏನು ಅಂತ. ಬೀದಿಲಿ ತಲೆ ಎತ್ಕಂಡು ಓಡಾಡದ್ ಬ್ಯಾಡ್ವಾ?" ಅವನ ದನಿ ಬೇಡಿಕೊಳ್ಳುವಂತಿತ್ತು. "ಉಳ ಅಣ್ಣಾಗ್ಲಿ. ಗೂಡ್ ಕಟ್ಟುದ್ರೆ ಎಲ್ಲಾ ಸರಿಯೋಯ್ತದೆ. ಅಲ್ಲೀಗಂಟ ತಡ್ಕೊ."

"ಕಟ್ದೆ ಓದ್ರೆ?"

ಅವನು ತಟ್ಟೆಯನ್ನು ಕಾಲಿನಿಂದ ಅವಳ ಕಡೆಗೆ ಒಂದಿಷ್ಟು ಸರಿಸಿ ಹೊರಟುಹೋದ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆ ಹೊತ್ತು ಅವಳ ಮೈಯಲ್ಲಿ ತ್ರಾಣವಿರಲಿಲ್ಲ. ನಾಲ್ಕು ವರ್ಷದಲ್ಲಿ ಅವನು ಒಂದು ಸಲವೂ ಕೈ ಎತ್ತಿದವನಲ್ಲ, ಕುಡಿದು ಬಂದವನಲ್ಲ. ಒಳ್ಳೆಯ ಗಂಡ ಎಂದು ತವರಿನಲ್ಲಿ ಹೇಳಿಕೊಂಡು ಬಂದಿದ್ದಳು. ಹೆದರುಪುಕ್ಕಲ ಎಂಬ ಮಾತು ಇವತ್ತೇ ಮೊದಲ ಸಲ ಅವಳ ಮನಸ್ಸಿಗೆ ಬಂತು. ಬಂದ ಮೇಲೆ ಹೋಗಲಿಲ್ಲ.

ಮುಟ್ಟು ಕಳೆದು ತಲೆಗೆ ನೀರು ಹಾಕಿಕೊಂಡ ದಿನ ಅವಳು ಹುಳದ ಮನೆಯ ಹೊಸಿಲು ದಾಟಿದಳು. ಒಳಗೆ ಎಂದಿನ ಹಸಿಹಸಿ ವಾಸನೆ. ಹುಳಗಳನ್ನು ಕೊಲ್ಲುವ ಊಜಿ ನೊಣ ಬರದಂತೆ ಕಿಟಕಿಗೆ ಕಟ್ಟಿದ ಪರದೆಯಿಂದ ತೆಳ್ಳನೆಯ ಬೆಳಕು. ಕಣ್ಣು ನೇರವಾಗಿ ಕೆಳಗಿನ ಸಾಲಿಗೆ ಹೋಯಿತು. ಕೆಂಪು ದಾರ ಕಟ್ಟಿದ ತಟ್ಟೆಯಲ್ಲಿ ಹುಳಗಳು ಮೇಯುತ್ತಿದ್ದವು. ಆದರೆ ಎಲ್ಲವೂ ಅಲ್ಲ. ಅಂಚಿನಲ್ಲಿ ಒಂದಷ್ಟು ತಲೆ ಎತ್ತಿಕೊಂಡು ಸುಮ್ಮನೆ ಬಿದ್ದಿದ್ದವು. ಅವುಗಳ ಮುಂದಿನ ಸೊಪ್ಪು ಹಾಗೇ ಬಾಡಿತ್ತು. ಮೇಲಿನ ತಟ್ಟೆಗಳಲ್ಲಿಯೂ ಅಂಥವು ಅಲ್ಲೊಂದು ಇಲ್ಲೊಂದು ಇದ್ದವು, ಯಾವ ಬೆಳೆಯಲ್ಲೂ ಇರುವಂಥವೇ. ಇದರಲ್ಲಿ ಹೆಚ್ಚಿದ್ದವೇ, ಅಥವಾ ತನ್ನ ಕಣ್ಣಿಗೆ ಹೆಚ್ಚು ಕಾಣುತ್ತಿವೆಯೇ? ಅವಳಿಗೆ ನಿರ್ಧಾರವಾಗಲಿಲ್ಲ.

ಮನೆಯಲ್ಲಿ ಯಾರೂ ಇರಲಿಲ್ಲ. ಅತ್ತೆ, ಗಂಡ ಇಬ್ಬರೂ ತೋಟದಲ್ಲಿದ್ದರು. ಕೋಮಲಳ ಕೈ ತಾನಾಗಿಯೇ ಮೇಲಿನ ತಟ್ಟೆಗೆ ಹೋಗಿ ಗಟ್ಟಿಮುಟ್ಟಾದ ಹುಳಗಳನ್ನು ಬೊಗಸೆ ತುಂಬ ಎತ್ತಿಕೊಂಡಿತು. ಅಂಚಿನ ಮಂಕು ಹುಳಗಳನ್ನು ಆಚೆ ಎಸೆದು ಇವನ್ನು ಸುರಿದರೆ ಆಯಿತು. ಯಾವ ಹುಳದ ಮೇಲೂ ಹೆಸರು ಬರೆದಿಲ್ಲ. ಬೊಗಸೆಯೊಳಗೆ ಅವು ತಣ್ಣಗೆ, ಮೆತ್ತಗೆ ಹರಿದಾಡಿದವು. ಒಂದು ಅವಳ ಹೆಬ್ಬೆರಳನ್ನೇ ಸೊಪ್ಪೆಂದು ತಿಳಿದು ಮೂಸಿತು.

ಹಾಗೆ ಎಷ್ಟು ಹೊತ್ತು ನಿಂತಿದ್ದಳೋ. ಕದ್ದು ಗೆದ್ದರೆ, ಇಷ್ಟು ದಿನ ತನ್ನ ಮೇಲೆ ಹೊರಿಸಿದ ಸುಳ್ಳನ್ನು ಈಗ ತಾನೇ ನಿಜ ಮಾಡಿದ ಹಾಗೆ ಅನಿಸಿತು. ಅಷ್ಟೇ ಅಲ್ಲ, ಆ ಮಾತ್ರೆ ಏನು ಎಂಬುದು ಅವಳಿಗೂ ತಿಳಿಯಬೇಕಾಗಿತ್ತು. ಎಲ್ಲರೂ ಅನುಮಾನಿಸಿ ಅನುಮಾನಿಸಿ ಅವಳಲ್ಲೂ ಒಂದು ಅಳುಕು ಹುಟ್ಟಿತ್ತು. ಡಾಕ್ಟರಮ್ಮ ವಿಟಮಿನ್ ಎಂದು ಹೇಳಿ ಇನ್ನೇನನ್ನೋ ಕೊಟ್ಟಿದ್ದರೆ? ಬೊಗಸೆಯ ಹುಳಗಳನ್ನು ಮೇಲಿನ ತಟ್ಟೆಗೇ ಮೆಲ್ಲಗೆ ಇಳಿಸಿ, ಸೆರಗಿಗೆ ಕೈ ಒರೆಸಿಕೊಂಡಳು. ಆಮೇಲೆ ಕೆಳಗಿನ ತಟ್ಟೆಯ ಮುಂದೆ ಕುಕ್ಕುರುಗಾಲಲ್ಲಿ ಕೂತು, "ತಿನ್ರವ್ವಾ, ತಿನ್ರಿ," ಎಂದು ಬೇಡಿಕೊಂಡಳು. ಮಕ್ಕಳಿಗೆ ಉಣ್ಣಿಸುವಾಗ ತಾಯಂದಿರು ಹೇಳುವ ಹಾಗೆ ಹೇಳಿದೆನಲ್ಲ ಎಂದು ಹೊಳೆದು ಅವಳಿಗೆ ಅಳು ಬಂತು.

ಹುಳಗಳು ಹಣ್ಣಾದವು. ಮೈ ಹಳದಿ ತಿರುಗಿ, ಮೇವು ಬಿಟ್ಟು, ತಲೆ ಆಡಿಸುತ್ತ ನೂಲು ಬಿಡಲು ಜಾಗ ಹುಡುಕತೊಡಗಿದವು. ಹಣ್ಣು ಹುಳ ಆರಿಸುವ ಗಡಿಬಿಡಿಯಲ್ಲಿ ಮನೆಯಲ್ಲಿ ಯಾರಿಗೂ ಊಟ ನಿದ್ದೆಯ ಮೇಲೆ ಗಮನವಿರಲಿಲ್ಲ. ಕೆಂಪು ದಾರದ ತಟ್ಟೆಯ ಹುಳಗಳನ್ನು ಕೆಂಪಾಜಮ್ಮ ತನ್ನ ಕೈಯಾರೆ ಆರಿಸಿ ಗೂಡು ಕಟ್ಟಲೆಂದು ಬೇರೆಯೇ ಒಂದು ಚಂದ್ರಿಕೆಗೆ, ಸುರುಳಿ ಹೆಣೆದ ಬಿದಿರ ತಟ್ಟಿಗೆ, ಬಿಟ್ಟಳು. ಆ ಬಿದಿರಿನ ಚಂದ್ರಿಕೆಯನ್ನು ಒಂಟಿಯಾಗಿ ಪಡಸಾಲೆಯ ಗೋಡೆಗೆ ಒರಗಿಸಿ, ಮೇಲೆ ಹಳೇ ಪಂಚೆ ಇಳಿಬಿಟ್ಟಳು. "ಗೂಡ್ ಬಿಡ್ಸೋ ದಿವ್ಸ ಎಲ್ರ ಮುಂದೆ ತಗಿಯನ. ಅಲ್ಲೀಗಂಟ ಯಾರೂ ಮುಟ್ಬ್ಯಾಡಿ," ಎಂದಳು.

ಗೂಡು ಬಿಡಿಸುವ ದಿನ ರಾಚಮ್ಮ ಬೆಳಿಗ್ಗೆಯೇ ಬಂದಳು. ಇವರ ಗೂಡಿಗೆ ಅವಳು, ಅವಳ ಗೂಡಿಗೆ ಇವರು, ಮುಯ್ಯಿ ಆಳಿನ ವಾಡಿಕೆ ಮೊದಲಿಂದಲೂ ಇದ್ದದ್ದೇ. ಆದರೆ ಇವತ್ತು ಅವಳ ಕಣ್ಣು ಬಿಡಿಸುವ ಗೂಡಿನ ಮೇಲೆ ಇರಲಿಲ್ಲ, ಪಂಚೆ ಹೊದ್ದ ಚಂದ್ರಿಕೆಯ ಮೇಲೇ ಇತ್ತು. ನಾಲ್ವರೂ ಪಡಸಾಲೆಯಲ್ಲಿ ಕೂತು ಗೂಡು ಬಿಡಿಸಿದರು. ಈ ಸಲದ ಬೆಳೆ ಚೆನ್ನಾಗಿತ್ತು, ಹಳದಿ ಗೂಡು ರಾಶಿ ಬಿತ್ತು. ಪ್ರಭುಸ್ವಾಮಿ ಮಾರುಕಟ್ಟೆಯ ರೇಟಿನ ಬಗ್ಗೆ ಅದೂ ಇದೂ ಮಾತು ತೆಗೆದ, ಯಾರೂ ಮುಂದುವರಿಸಲಿಲ್ಲ. ಕೋಮಲಳ ಬೆರಳುಗಳು ಗೂಡು ಬಿಡಿಸುತ್ತಿದ್ದವು. ಅಟ್ಟದ ಮೇಲಿದ್ದ ತನ್ನ ಬ್ಯಾಗನ್ನು ಅವಳು ಹಿಂದಿನ ದಿನವೇ ಇಳಿಸಿ ಧೂಳು ಕೊಡವಿಟ್ಟಿದ್ದಳು, ಯಾರೂ ಹೇಳದಿದ್ದರೂ.

ಕೊನೆಗೆ ಕೆಂಪಾಜಮ್ಮ ಎದ್ದಳು. ಸೊಂಟದ ಮೇಲೆ ಕೈ ಇಟ್ಟು ಒಂದು ಗಳಿಗೆ ಆ ಚಂದ್ರಿಕೆಯ ಮುಂದೆ ನಿಂತು, ಪಂಚೆ ಎಳೆದಳು.

ಒಂದೆರಡು ಹುಳ ಕಟ್ಟದೆ ಕರ್ರಗೆ ಒಣಗಿ ಬಿದಿರಿಗೆ ಅಂಟಿದ್ದವು. ಉಳಿದಂತೆ ಚಂದ್ರಿಕೆಯ ಸುತ್ತುಸುತ್ತಿನಲ್ಲೂ ಗೂಡು, ಬೇರೆ ಚಂದ್ರಿಕೆಗಳಲ್ಲಿ ಇದ್ದಂಥದೇ ಹಳದಿ ಗೂಡು. ಕೆಂಪಾಜಮ್ಮ ಒಂದನ್ನು ಬಿಡಿಸಿ ಹೆಬ್ಬೆರಳಿನಿಂದ ಒತ್ತಿದಳು. ಗಟ್ಟಿಯಾಗಿತ್ತು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಒಳಗಿನ ಹುಳ ಲೊಟಲೊಟ ಎಂದಿತು. ಇನ್ನೊಂದು ಬಿಡಿಸಿದಳು, ಮತ್ತೊಂದು ಬಿಡಿಸಿದಳು. ಪ್ರತಿಯೊಂದನ್ನೂ ಒತ್ತಿ, ಅಲ್ಲಾಡಿಸಿ, ಮಡಿಲಿಗೆ ಹಾಕಿಕೊಂಡಳು.

"ಗೂಡು ಚೆನ್ನಾಗಿ ಕಟ್ಟವೆ," ಎಂದಳು.

ಕೋಮಲ ಕೈಯಲ್ಲಿದ್ದ ಗೂಡನ್ನು ರಾಶಿಗೆ ಹಾಕಿದಳು. "ನಾನ್ ಏಳ್ಲಿಲ್ವ ಅತ್ತೆ," ಎಂದಳು. ದನಿ ನಡುಗಿತು, ಮುಖದಲ್ಲಿ ನಗುವೂ ಬಂತು. ಪ್ರಭುಸ್ವಾಮಿಯೂ ನಕ್ಕ. "ನೋಡ್ದಾ ಅವ್ವ, ಸುಮ್ಕೆ ಬಯ್ತಿದ್ದೆ," ಎಂದ.

ಆದರೆ ಕೆಂಪಾಜಮ್ಮ ನಗಲಿಲ್ಲ. ಮಡಿಲಿನ ಗೂಡುಗಳ ಸಮೇತ ಮೆಲ್ಲಗೆ ಕಂಬಕ್ಕೆ ಒರಗಿ ಕೂತಳು. ಅವಳ ಕಣ್ಣು ತುಂಬಿತ್ತು. ಆ ಮುದುಕಿ ಅತ್ತದ್ದನ್ನು ಕೋಮಲ ಎಂದೂ ನೋಡಿರಲಿಲ್ಲ.

"ಎಲ್ಲಾ ಆ ಮಾತ್ರೆದೇ ಮಾಟ ಅಂತಿದ್ದೆ ಕನವ್ವ," ಎಂದಳು. "ರಾಚಿ ಸೊಸೆಗೆ ಆದಂಗೆ, ಮಾತ್ರೆ ಬುಡ್ಸುದ್ರೆ ನಿಂಗೂ ಒಂದ್ ಮೊಗ ಆದಾದು ಅಂತಿದ್ದೆ. ನಿನ್ನ ಬಯ್ದೆ ದಿಟ. ಆದ್ರೂ ಒಳಗೊಳಗೆ ಒಂಥರಾ ಸಮಾಧಾನ ಆಗಿತ್ತು, ಸಿಕ್ತಲ್ಲಪ್ಪ ಕಾರಣ ಅಂತ. ಈಗ ನೋಡುದ್ರೆ ಮಾತ್ರೆ ಒಳ್ಳೇದೇಯ." ಸೆರಗಿನಲ್ಲಿ ಮೂಗು ಒರೆಸಿಕೊಂಡಳು. "ಇನ್ನೇನ್ ಬುಡ್ಸನ ನಿನ್ ಕೈಲಿ?"

ಕೋಮಲಳ ಮುಖದ ನಗು ಎಲ್ಲಿತ್ತೋ ಅಲ್ಲೇ ನಿಂತುಹೋಯಿತು.

"ಅಂಗಾರೆ ದ್ವಾಸ ಇವ್ಳ ಮೈಲೇ ಅದೆ ಬುಡು ಕೆಂಪಕ್ಕ," ಎಂದಳು ರಾಚಮ್ಮ, ಲೊಚಗುಟ್ಟುತ್ತ. "ಪಾಪ, ಯಾರೇನ್ ಮಾಡಕಾದಾತು. ಅದ್ಕೇ ಮುಟ್ಟಾದಾಗ್ಲೂ ಅಷ್ಟೊಂದು ನೋವು ಅಂತೀನಿ. ಗರ್ಭ ನೆಟ್ಗಿದ್ರೆ ಯಾಕ್ ನೋಯ್ತಿತ್ತು?"

ಹುಳ ಸತ್ತಿದ್ದರೇ ಚೆನ್ನಾಗಿತ್ತು ಎಂದು ಕೋಮಲಳಿಗೆ ಒಂದು ಕ್ಷಣ ಅನಿಸಿತು. ಮಾತ್ರೆಯ ತಪ್ಪಾದರೆ ಮಾತ್ರೆ ಬಿಟ್ಟರೆ ಮುಗಿಯುತ್ತಿತ್ತು. ಮೈಯ ತಪ್ಪಾದರೆ ಮೈಯನ್ನು ಎಲ್ಲಿ ಬಿಡುವುದು? ಗೆದ್ದೆ ಎಂದುಕೊಂಡ ಜಾಗದಲ್ಲೇ ಅವಳು ಸೋತಿದ್ದಳು. ಅದೂ ತಾನೇ ಬೇಡಿಕೊಂಡು ಮೇಯಿಸಿದ ಹುಳಗಳಿಂದ.

ಅವಳು ಗಂಡನ ಕಡೆ ನೋಡಿದಳು. ಅವನ ನಗುವೂ ಹೋಗಿತ್ತು. ಬಿಡಿಸಿ ಮುಗಿದ ಚಂದ್ರಿಕೆಯನ್ನೇ ಮತ್ತೆ ಮುಂದಕ್ಕೆ ಎಳೆದುಕೊಂಡು, ಇಲ್ಲದ ಗೂಡನ್ನು ಹುಡುಕುತ್ತಿದ್ದ. ಅವಳು ನೋಡುತ್ತಲೇ ಇದ್ದಳು. ಈಗಲಾದರೂ ಹೇಳಿಯಾನು, ಒಂದೇ ಒಂದು ಮಾತು, ಎಂದು ಕಾದಳು. ಅವನ ಕುತ್ತಿಗೆ ಇನ್ನಷ್ಟು ಬಗ್ಗಿತು.

ಕೋಮಲ ಎದ್ದು ಹುಳದ ಮನೆಗೆ ಹೋದಳು. ಖಾಲಿಯಾದ ತಟ್ಟೆಯ ಅಂಚಿನಿಂದ ಕೆಂಪು ದಾರ ಬಿಚ್ಚಿಕೊಂಡು ಬಂದು, ಅದನ್ನು ಗಂಡನ ಮುಂದೆ ಇಟ್ಟು, ಅತ್ತೆಯ ಎದುರಿಗೆ ಕೂತಳು.

"ಅತ್ತೆ, ಇನ್ನೊಂದ್ ಮಾತದೆ," ಎಂದಳು. ದನಿ ಈಗ ನಡುಗಲಿಲ್ಲ. "ಕೊಳ್ಳೇಗಾಲುಕ್ ನನ್ನ ಕರ್ಕೊಂಡ್ ಓಗಿದ್ದು ನಿಮ್ ಮಗನೇಯ. ಮಾತ್ರೆ ಕೊಡ್ಸಿದ್ದು, ಡಬ್ಬಿಲಿ ಇಡು ಅಂದಿದ್ದು ಎಲ್ಲಾ ಅವ್ರೇಯ. ಡಾಕ್ಟ್ರಮ್ಮ ಅವ್ರನ್ನೂ ಒಳಕ್ ಕರ್ಕೊಂಡ್ ಬಾ, ಅವ್ರಿಗೂ ಟೆಸ್ಟ್ ಅದೆ ಅಂದ್ರು. ಮಕ್ಳಾಗ್ದಿದ್ರೆ ಇಬ್ರನ್ನೂ ನೋಡ್ಬೇಕಂತೆ. ಒಳಕ್ ಓದೋಳು ನಾನೊಬ್ಳೇಯ."

ರಾಚಮ್ಮನ ಕೈ ಗೂಡಿನ ಮೇಲೆ ನಿಂತಿತು. ಕೆಂಪಾಜಮ್ಮ ಸೊಸೆಯನ್ನು ನೋಡಿದಳು. ಆಮೇಲೆ ಮಗನ ಕಡೆ ತಿರುಗಿದಳು.

"ದಿಟವೇನ್ಲಾ ಪ್ರಭು?"

ಪ್ರಭುಸ್ವಾಮಿ ತಲೆ ಎತ್ತಲಿಲ್ಲ. ಪಕ್ಕದ ರಾಶಿಯಿಂದ ಕೈಗೆ ಸಿಕ್ಕ ಒಂದು ಗೂಡನ್ನು ತೆಗೆದು, ಗಟ್ಟಿಯಾಗಿದೆಯೇ ಎಂದು ಒತ್ತಿ ನೋಡಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಒಳಗಿನ ಹುಳದ ಸದ್ದು ಪಡಸಾಲೆಯಲ್ಲಿದ್ದ ಎಲ್ಲರಿಗೂ ಕೇಳಿಸಿತು. ಅವನು ಮತ್ತೆ ಅಲ್ಲಾಡಿಸಿದ. ತಾಯಿ ಇನ್ನೊಂದು ಸಲ ಕರೆದರೂ ಗೂಡನ್ನು ಕಿವಿಯಿಂದ ಇಳಿಸಲಿಲ್ಲ.